ಮುಕ್ಕಾಲು ಪಾಲಿನ ಸೀಸೆ

ಪ್ರಯೋಗಶಾಲೆಯಲ್ಲಿ ಇಂದುಮತಿ ಕಾಡುತುಳಸಿಯ ಎಣ್ಣೆಯನ್ನು ಬೇರ್ಪಡಿಸಿ, ಅದರ ಒಂದೊಂದು ಅಂಶವನ್ನೂ ಒಂದೊಂದು ಸೀಸೆಯಲ್ಲಿಟ್ಟಳು. ಕೊನೆಯ ಸೀಸೆಗೆ ಸಿಕ್ಕಿದ್ದು ಒಂದೇ ಹನಿ. “ಇಷ್ಟರಿಂದ ಏನಾದೀತು?” ಎಂದು ಅದರ ಮುಚ್ಚಳವನ್ನು ಬಿಗಿ ಮಾಡದೆ ಬಿಟ್ಟಳು.

“ಎಣ್ಣೆಯಲ್ಲಿ ಮುಕ್ಕಾಲು ಪಾಲು ನಾನೇ,” ಎಂದಿತು ಮೊದಲನೆಯ ಸೀಸೆ. “ಕ್ರಿಮಿಗಳನ್ನು ಕೊಲ್ಲುವುದೂ ನಾನೇ. ಒಂದು ಹನಿಗೆ ಸೀಸೆ ಬೇರೆ ಕೇಡು!”

“ಅಣ್ಣಾ, ಗುಡ್ಡದಲ್ಲಿ ಒಂದೇ ಎಲೆಯೊಳಗಿದ್ದಾಗ ನಾವು ಪಾಲಿನ ಮಾತಾಡಿದ್ದುಂಟೆ?” ಎಂದಿತು ಹನಿ. “ಕುರಿ ಕಾಯುವ ಈರಜ್ಜ ಎಲೆ ಹಿಸುಕಿ ಕುರಿಯ ಗಾಯಕ್ಕೆ ಹಿಂಡುತ್ತಿದ್ದ. ನಾವೆಲ್ಲ ಕೂಡಿಯೇ ಇಳಿಯುತ್ತಿದ್ದೆವು. ಗಾಯ ಮಾಯುತ್ತಿತ್ತು.”

ಮರುದಿನ ಇಂದುಮತಿ ಕ್ರಿಮಿ ಬೆಳೆಸಿದ್ದ ಗಾಜಿನ ತಟ್ಟೆಗೆ ಮೊದಲನೆಯ ಸೀಸೆಯದನ್ನಷ್ಟೇ ಬಿಟ್ಟಳು. ಕ್ರಿಮಿಗಳು ಹೆದರಲಿಲ್ಲ, ಆ ಎಣ್ಣೆಯ ಅಂಚಿನವರೆಗೂ ಬಂದು ಕುಳಿತವು.

“ನಿನ್ನ ಮುಖ ಪರಿಚಯವಿದೆ,” ಎಂದಿತು ಒಂದು ಕ್ರಿಮಿ. “ಗುಡ್ಡದಲ್ಲಿ ನಿಮ್ಮನ್ನು ಕಂಡರೆ ನಮ್ಮ ಹಿರಿಯರು ಓಡುತ್ತಿದ್ದರು. ನಿನ್ನ ಜೊತೆಗಿದ್ದವರೆಲ್ಲಿ?”

ಮುಕ್ಕಾಲು ಪಾಲಿನ ಎಣ್ಣೆ ಸೀಸೆಗಳಿದ್ದ ಕಪಾಟಿನತ್ತ ತಿರುಗಿ, “ತಮ್ಮಾ, ಬಾರೋ!” ಎಂದು ಕೂಗಿತು.

ಕೊನೆಯ ಸೀಸೆ ಬರಿದಾಗಿತ್ತು. ಸಡಿಲ ಮುಚ್ಚಳದಿಂದ ಹನಿ ಆಗಲೇ ಆರಿಹೋಗಿತ್ತು. ಕೋಣೆಯಲ್ಲಿ ಮಾತ್ರ ಇನ್ನೂ ಗುಡ್ಡದ ವಾಸನೆಯಿತ್ತು.