ಮೂರು ದಾರಿಯ ಟೈರು

"ಅಜ್ಜಾ, ಎಲ್ಲ ಕಡೆಗೂ ಹೊಂದುವಂಥ ಒಂದೇ ಸ್ವಭಾವ ಅಂತ ಇರುತ್ತದೆಯೇ?" ಎಂದು ಚೆನ್ನವೀರ ಕೇಳಿದ.

ಕೇಳುವಾಗ ಅವನಿಗೆ ನೆಟ್ಟಗೆ ನಿಲ್ಲುವ ತ್ರಾಣವೂ ಇರಲಿಲ್ಲ. ಮಠದ ಪ್ರಸಾದ ನಿಲಯದಲ್ಲಿ ಉಳಿದು ಓದುವ ಬಡ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅವನದು. ಅಕ್ಕಿಗಾಗಿ ಅಂಗಡಿಕಾರರ ಮುಂದೆ ನಿಲ್ಲಬೇಕು, ಒಂದು ಸಹಿಗಾಗಿ ಕಚೇರಿಯ ಬಾಗಿಲು ಕಾಯಬೇಕು, ಯಾವ ಮಗುವಿಗೋ ಜ್ವರ ಬಂದರೆ ತಾಯಿತಂದೆಯ ಬೈಗುಳ ತಿನ್ನಬೇಕು. ಅಂಗಡಿಯಲ್ಲಿ ತಗ್ಗಿ ನಡೆದರೆ ಮುಗ್ಗಲು ಅಕ್ಕಿ ಅಳೆಯುತ್ತಿದ್ದರು. ಕಚೇರಿಯಲ್ಲಿ ದನಿ ಏರಿಸಿದರೆ ಕೆಲಸ ಕೆಡುತ್ತಿತ್ತು. ಬೇಡವೆಂದು ಸುಮ್ಮನಿದ್ದು ನೋಡಿದ. ಮಕ್ಕಳ ಅಕ್ಕಿ ಮಾರಿಕೊಳ್ಳುತ್ತಾನೆ, ಅದಕ್ಕೇ ಬಾಯಿಲ್ಲ ಎಂದು ಊರವರು ಆಡಿಕೊಂಡರು. ಆ ಮಾತಿನ ಕೆಸರು ಮೈಗೆ ಸಿಡಿದಾಗಿನಿಂದ ಅವನಿಗೆ ಅನ್ನ ರುಚಿಸಿರಲಿಲ್ಲ.

ಇವತ್ತು ನಿಲಯವನ್ನು ಗುರುಗಳಿಗೆ ಒಪ್ಪಿಸಿ ಹೊರಟುಹೋಗಲು ಬಂದಿದ್ದ. ಅವನು ಬಿಟ್ಟರೆ ಆ ಕೆಲಸಕ್ಕೆ ಮತ್ತೊಬ್ಬರಿರಲಿಲ್ಲ. ಮಕ್ಕಳು ಶಾಲೆ ಬಿಟ್ಟು ತಂತಮ್ಮ ಊರಿಗೆ ಮರಳಬೇಕಾಗುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಸಾಕಾಗಿತ್ತು.

"ಮೊದಲು ಕೂಡಪ್ಪ," ಎಂದರು ಮಠದ ಗುರುಗಳಾದ ಹಾಲಯ್ಯಜ್ಜನವರು. "ಮೈಯಲ್ಲಿ ಕಸುವಿಲ್ಲ, ಸ್ವಭಾವ ಕೇಳಲು ಬಂದಿದ್ದಾನೆ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಚೆನ್ನವೀರ ಗೋಡೆಗೆ ಒರಗಿ ಕುಳಿತ. ಅಜ್ಜನವರು ಹೇಳತೊಡಗಿದರು.

ಒಬ್ಬ ಕಂಪೌಂಡರ್ ಇದ್ದ. ಎರೆಮಣ್ಣಿನ ಸೀಮೆ ಅದು. ದೊಡ್ಡ ಊರಿನ ದವಾಖಾನೆಯಿಂದ ಸೈಕಲ್ ತುಳಿದುಕೊಂಡು ಒಂದು ಹಳ್ಳಿಗೆ ಹೋಗಿ, ಸೂಜಿ ಹಾಕಿ, ಮಾತ್ರೆ ಕೊಟ್ಟು ಬರುವುದು ಅವನ ಕೆಲಸ. ಆ ಹಳ್ಳಿಗೆ ಡಾಕ್ಟರ್ ಎಂದರೂ ಅವನೇ, ದೇವರು ಎಂದರೂ ಅವನೇ. ದಾರಿ ಒಂದೇ, ಆದರೆ ಮೂರು ಬಗೆ. ಮೊದಲು ಡಾಂಬರು, ಆಮೇಲೆ ಜಲ್ಲಿ, ಕೊನೆಗೆ ಹೊಲಗಳ ನಡುವೆ ಬರೀ ಎರೆಮಣ್ಣು. ಮಳೆ ಬಿದ್ದರೆ ಆ ಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ, ಮಡ್‌ಗಾರ್ಡಿನೊಳಗೆ ಒತ್ತಾಗಿ ತುಂಬಿ ಗಿಡಿದುಕೊಳ್ಳುತ್ತದೆ, ಚಕ್ರ ತಿರುಗುವುದೇ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಸೈಕಲ್ ಮನುಷ್ಯನನ್ನು ಹೊರುವುದಿಲ್ಲ, ಮನುಷ್ಯನೇ ಸೈಕಲನ್ನು ಹೊರಬೇಕು.

ಅದಕ್ಕೇ ಆ ಕಡೆಯ ಜನ ಮೊದಲ ಮಳೆ ಬಿದ್ದ ಕೂಡಲೇ ಎರಡೂ ಮಡ್‌ಗಾರ್ಡ್ ಬಿಚ್ಚಿ ಅಟ್ಟಕ್ಕೆ ಎಸೆಯುತ್ತಾರೆ. ಬೆನ್ನತನಕ ಕೆಸರು ಸಿಡಿಯುತ್ತದೆ. ಸಿಡಿಯಲಿ ಬಿಡು, ತೊಳೆದುಕೊಂಡರಾಯಿತು ಎನ್ನುತ್ತಾರೆ.

ಕಂಪೌಂಡರ್ ಮಾತ್ರ ಬಿಚ್ಚಲಿಲ್ಲ. ಬಿಳಿ ಧೋತರ, ಬಿಳಿ ಅಂಗಿ ಅವನ ಉಡುಪು. ಹಿಂದೊಮ್ಮೆ ಕೆಸರು ಬಳಿದುಕೊಂಡು ಹೋದಾಗ ಯಾರೋ ಎಮ್ಮೆ ವ್ಯಾಪಾರದವನೆಂದುಕೊಂಡು ನೆಟ್ಟಗೆ ಕೊಟ್ಟಿಗೆಗೆ ಕರೆದೊಯ್ದಿದ್ದರು. ನಗಬೇಡ. ಆ ದಿನ ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಇನ್ನೊಮ್ಮೆ ಹಾಗಾಗಬಾರದು ಎಂದುಕೊಂಡ. ಯಾರಿಗಾದರೂ ಅನ್ನಿಸುವ ಮಾತೇ.

ಸರಿ, ಟೈರಿನ ಬೆನ್ನು ಹತ್ತಿದ. ದಪ್ಪ ಹಲ್ಲಿನ ಟೈರು ಹಾಕಿಸಿದ. ಕೆಸರಿನಲ್ಲಿ ಹಿಡಿತ ಬಂತು, ಆದರೆ ಅದೇ ಹಲ್ಲುಗಳು ಹೊಲದ ಮಣ್ಣನ್ನೆಲ್ಲ ಕಿತ್ತು ಮಡ್‌ಗಾರ್ಡಿಗೆ ತುಂಬಿದವು. ಡಾಂಬರಿನ ಮೇಲೆ ಅದನ್ನು ತುಳಿದು ತುಳಿದು ಮೊಣಕಾಲು ಸೋತವು. ತೆಗೆಸಿ ನುಣುಪು ಟೈರು ಹಾಕಿಸಿದ. ಡಾಂಬರಿನ ಮೇಲೆ ಹಾಯಾಗಿ ಓಡಿತು, ಜಲ್ಲಿಯ ಚೂಪಿಗೆ ತೂತು ಬಿತ್ತು, ಕೆಸರಿನಲ್ಲಿ ನಿಂತಲ್ಲೇ ಗಿರಗಿರ ಸುತ್ತಿತು. ಮಳೆಗಾಲ ಇನ್ನೂ ಮುಗಿದಿರಲಿಲ್ಲ, ಮನುಷ್ಯ ಹೈರಾಣಾಗಿ ಹೋದ. ಈ ನೌಕರಿಯೇ ಬೇಡ ಎಂದು ಹೆಂಡತಿಯ ಮುಂದೆ ಅತ್ತುಬಿಟ್ಟ.

ಮತ್ತೆ ಅಂಗಡಿಗೆ ಹೋದ. ಅಂಗಡಿಯವನು ಬೇರೆ ಒಂದು ಜೊತೆ ತೆಗೆದ. ನಡುವೆ ನುಣುಪು, ಎರಡೂ ಅಂಚಿಗೆ ಸಣ್ಣ ಹಲ್ಲು.

"ಮೂರೂ ದಾರಿಗೆ ಇದು ನಡೆಯುತ್ತದೆ ನೋಡಿ. ಎಲ್ಲೂ ಹೊಗಳಿಸಿಕೊಳ್ಳುವುದಿಲ್ಲ, ಎಲ್ಲೂ ಕೈ ಬಿಡುವುದಿಲ್ಲ. ಹಾಗೇ ಮಡ್‌ಗಾರ್ಡ್ ಬಿಚ್ಚಿಬಿಡಲೇ?"

"ಬೇಡ ಮಾರಾಯ. ಅದೊಂದು ಇರಲಿ," ಎಂದ ಕಂಪೌಂಡರ್.

ಒಂದು ಮಧ್ಯಾಹ್ನ, ದೊಡ್ಡ ಮಳೆ ಸುರಿದು ನಿಂತಿತ್ತು. ಹಳ್ಳಿಯಿಂದ ಒಬ್ಬ ಏದುಸಿರು ಬಿಡುತ್ತ ದವಾಖಾನೆಗೆ ಓಡಿ ಬಂದ. ಹೆಂಡತಿಗೆ ಹೆರಿಗೆಯಾಗಿದೆ, ಕೂಸು ಚೆನ್ನಾಗಿದೆ, ಆದರೆ ಅವಳಿಗೆ ರಕ್ತ ನಿಲ್ಲುತ್ತಿಲ್ಲ. ಅದನ್ನು ನಿಲ್ಲಿಸುವ ಸೂಜಿಮದ್ದು ಕಂಪೌಂಡರನ ಪೆಟ್ಟಿಗೆಯಲ್ಲಿತ್ತು. ನೀವು ಮುಂದೆ ಹೋಗಿ, ನಾನು ಹಿಂದೆ ಓಡಿ ಬರುತ್ತೇನೆ ಎಂದ ಆ ಗಂಡ. ಕಂಪೌಂಡರ್ ತಡಮಾಡಲಿಲ್ಲ. ಪೆಟ್ಟಿಗೆ ಕಟ್ಟಿಕೊಂಡು ಹೊರಟೇಬಿಟ್ಟ.

ಡಾಂಬರು ದಾಟಿತು. ಜಲ್ಲಿ ದಾಟಿತು. ಹೊಸ ಟೈರು ಎಲ್ಲೂ ಕಾಡಲಿಲ್ಲ. ಕೆಸರಿಗಿಳಿದಾಗಲೂ ಹಿಡಿತ ತಪ್ಪಲಿಲ್ಲ. ಆದರೆ ಮಡ್‌ಗಾರ್ಡ್ ಗಿಡಿಯಿತು. ಇಳಿದ, ಕಡ್ಡಿ ಹುಡುಕಿದ, ಕೆರೆದ, ಹತ್ತಿದ. ಮತ್ತೆ ಗಿಡಿಯಿತು. ಮತ್ತೆ ಇಳಿದ. ಸೈಕಲ್ ಅಲ್ಲೇ ಒಗೆದು ಓಡಬಹುದಿತ್ತು. ಓಡಿದರೆ ಕೆಸರು ಹಾರುತ್ತದೆ, ಜಾರಿ ಬಿದ್ದರಂತೂ ಮುಗಿದೇ ಹೋಯಿತು. ಧೋತರವನ್ನು ಮೇಲೆ ಕಟ್ಟಿಕೊಂಡು ಕೆರೆಯುತ್ತ ಕೂತ. ಹಾಳು ಟೈರು, ಇದಕ್ಕೂ ಆಗಲಿಲ್ಲ ಎಂದು ಬೈದ. ಅಷ್ಟರಲ್ಲಿ ಹಿಂದಿನಿಂದ ಆ ಗಂಡ ಬಂದ. ಎಷ್ಟು ಕಡೆ ಬಿದ್ದಿದ್ದನೋ, ನೆತ್ತಿಯತನಕ ಕೆಸರು. "ಸಾಹೇಬರೇ, ಬೇಗ ಬನ್ನಿ," ಎಂದ. ನಿಲ್ಲಲಿಲ್ಲ, ಅವನನ್ನು ದಾಟಿಕೊಂಡು ಓಡಿದ.

ಕಂಪೌಂಡರ್ ಹಳ್ಳಿ ಮುಟ್ಟಿದಾಗ ಧೋತರದ ಮೇಲೆ ಒಂದು ಹನಿ ಕೆಸರಿರಲಿಲ್ಲ. ಅಂಗಳದ ಜನ ಎದ್ದು ದಾರಿ ಬಿಟ್ಟರು. ಒಳಗೆ ಕೂಸು ಅಳುತ್ತಿತ್ತು. ತಾಯಿಯ ಮುಖಕ್ಕೆ ಸೀರೆ ಎಳೆದಿದ್ದರು.

ಅಜ್ಜನವರು ನಿಲ್ಲಿಸಿದರು. ಅವರಿಗೂ ದಣಿವಾಗಿತ್ತು. ಆ ಕೂಸಿನ ಮೇಲೆ ಚೆನ್ನವೀರನಿಗೆ ಹೇಳತೀರದ ಮರುಕ ಬಂದಿತ್ತು, ಆ ಕಂಪೌಂಡರನ ಮೇಲೆ ಸಿಟ್ಟು. ಆದರೂ ತಾನು ಕೇಳಿದ ಪ್ರಶ್ನೆ ಹಾಗೇ ಉಳಿಯಿತಲ್ಲ ಅನ್ನಿಸಿತು.

"ಹಾಗಾದರೆ ಮೂರು ದಾರಿಗೂ ನಡೆಯುವ ಟೈರು ಅನ್ನುವುದೇ ಸುಳ್ಳೇ, ಅಜ್ಜಾ?" ಎಂದ.

"ಸುಳ್ಳಲ್ಲಪ್ಪ, ಟೈರು ಮೂರೂ ದಾರಿಗೆ ಒಪ್ಪಿತ್ತು, ಕೆಸರಿಗೆ ಒಪ್ಪದೆ ಹೋದದ್ದು ಧೋತರ."