ದೊರೆಯ ಹಡಗಿನ ದುಡ್ಡು

ಹೊನ್ನಾವರದ ಕಡೆ ಒಂದು ಬಂದರಿನ ಕೇರಿಯಂತೆ. ಅಲ್ಲಿ ಬೀರಮ್ಮ, ಅವಳಿಗೊಬ್ಬನೇ ಮಗ ಜಟ್ಟಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಹಾಲು ಉಕ್ಕುತ್ತದಾ ನೋಡು ಅಂದರೆ ಉಕ್ಕಿ ಒಲೆ ಆರುವ ತನಕ ನೋಡುವವನು. ಬೀರಮ್ಮ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಅದನ್ನಾದರೂ ಸಹಿಸಿದಳು. ಸಹಿಸಲಾಗದ್ದು ಪಕ್ಕದ ಮನೆ ಗುತ್ಯಮ್ಮನ ಮಗ ಕೇಶವನ ಭಾಗ್ಯ. ಆ ಊರಿನ ಬಿಳಿ ದೊರೆಗೆ ಕಡಲಾಚೆಯ ದ್ವೀಪದಲ್ಲಿ ದೊಡ್ಡ ಹುದ್ದೆಯಾಗಿತ್ತು. ಅವನಿಗೂ ಜೊತೆಗೊಬ್ಬ ಆಳಿಗೂ ಹಡಗಿನ ಖರ್ಚು ಸರ್ಕಾರದ್ದೇ. ಆ ಆಳು ಕೇಶವ. ಬಾವಿಕಟ್ಟೆಯಲ್ಲಿ ಗುತ್ಯಮ್ಮನದು ಅದೇ ಮಾತು. ಬೀರಮ್ಮನಿಗೆ ಗಂಜಿ ಗಂಟಲಲ್ಲಿ ಇಳಿಯದಾಯಿತು.

ಕೇಶವನ ಜಾಗ ನಿನಗೇ ಸಿಗಬೇಕು, ದೊರೆಯ ಎದುರು ಕೈಕಟ್ಟಿ ನಿಂತಿರು ಎಂದು ಮಗನನ್ನು ಕಳಿಸಿದಳು. ಜಟ್ಟಿ ಹೋದ, ಕೈಕಟ್ಟಿ ನಿಂತ. ನಾಯಿ ಬಂದು ದೊರೆಯ ತಟ್ಟೆಯ ಮೀನು ತಿಂದಿತು. ಜಟ್ಟಿ ಕಟ್ಟಿದ ಕೈ ಬಿಚ್ಚಲಿಲ್ಲ.

ಬೀರಮ್ಮ ಬೈದಳು. ದೊರೆ ಉಣ್ಣುವಾಗ ಯಾರೇ ಬಂದರೂ ಕೋಲು ತಗೊಂಡು ಓಡಿಸು ಎಂದಳು.

ಮರುದಿನ ದೊರೆ ಉಣ್ಣುವಾಗ ಬಂದವನು ಇನ್ನೊಬ್ಬ ದೊರೆ. ಅದೇ ಹುದ್ದೆ ತನಗೆ ಸಿಗಲಿಲ್ಲವೆಂದು ಕುದಿಯುತ್ತಿದ್ದವನು. ಬಿಳಿಯರಿಗೂ ಹೊಟ್ಟೆಕಿಚ್ಚು ಇದೆ ನೋಡಿ. ಜಟ್ಟಿ ಅವನನ್ನು ಗೇಟಿನವರೆಗೂ ಅಟ್ಟಿದ. ನಮ್ಮ ದೊರೆ ಹೊಟ್ಟೆ ಹಿಡಿದು ನಕ್ಕ. ಸರ್ಕಾರ ಕೊಟ್ಟ ಹಡಗಿನ ದುಡ್ಡಿನ ಚೀಲವನ್ನೇ ಜಟ್ಟಿಯ ಕೈಗಿಟ್ಟು, ನಾಳೆ ಇದನ್ನು ಹಡಗಿನ ಆಫೀಸಿಗೆ ಕಟ್ಟಿ ಬಾ, ಸರಿಯಾಗಿ ಮಾಡಿದರೆ ಕೇಶವನ ಬದಲು ನೀನೇ ಬಾ ಅಂದ.

ಬೀರಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆದರೂ ಕೇಶವನ ಮೇಲೆ ಗುಮಾನಿ. ಯಾರು ಕೇಳಿದರೂ ಚೀಲ ಕೊಡಬೇಡ ಎಂದಳು. ಹಡಗಿನ ಆಫೀಸಿನ ಗುಮಾಸ್ತ ಕೇಳಿದ. ಜಟ್ಟಿ ಕೊಡಲಿಲ್ಲ. ಗುಮಾಸ್ತ ಎಳೆದ, ಜಟ್ಟಿ ಕಚ್ಚಿದ. ಚೀಲದ ಸಮೇತ ಮನೆಗೆ ಬಂದ.

"ಅಯ್ಯೋ ಪೆದ್ದೇ, ನಾಳೆಯೇ ಹಡಗು! ಕಡಲು ದಾಟಿಸುವವರಿಗೆ ಅದನ್ನು ಕೊಡಬೇಕಲ್ಲವೇನೋ? ದೋಣಿಗೆ ಕಾಲಿಡುವ ಮುಂಚೆ ಕೊಟ್ಟುಬಿಡು, ಎರಡೂ ಕೈಯಲ್ಲಿ ಕೊಡು."

ದಾಟಿಸುವವರು ಯಾರು? ಜಟ್ಟಿಗೆ ಗೊತ್ತಿತ್ತು. ಅವನ ಅಪ್ಪ ದೋಣಿ ಇಳಿಸುವಾಗೆಲ್ಲ, ದಾಟಿಸುವವಳು ನೀನೇ ತಾಯಿ ಎಂದು ನೀರಿಗೆ ತೆಂಗಿನಕಾಯಿ ಬಿಡುತ್ತಿದ್ದ. ಬೆಳಿಗ್ಗೆ ದೊರೆ, ಇನ್ನೂ ಆಸೆ ಬಿಡದೆ ಪೆಟ್ಟಿಗೆ ಹೊತ್ತ ಕೇಶವ, ಕೇರಿಯ ಜನ ಎಲ್ಲ ದಡದಲ್ಲಿ ನಿಂತಿದ್ದರು. ಜಟ್ಟಿ ಮೊಣಕಾಲು ನೀರಿಗಿಳಿದು, ಕೈಮುಗಿದು, ಎರಡೂ ಕೈಯಲ್ಲಿ ಚೀಲವನ್ನು ಕಡಲಿಗೆ ಬಿಟ್ಟ.

ದುಡ್ಡಿಲ್ಲದವರನ್ನು ಹಡಗು ಹತ್ತಿಸಲಿಲ್ಲ. ಸರ್ಕಾರ ಸಿಟ್ಟಾಗಿ ಆ ಹುದ್ದೆಯನ್ನು ಜಟ್ಟಿ ಓಡಿಸಿದ್ದ ದೊರೆಗೇ ಕೊಟ್ಟಿತು. ಅವನು ತನ್ನದೇ ಆಳನ್ನು ಕರೆದುಕೊಂಡು ಹೋದ.

ಬೀರಮ್ಮ ಎದೆ ಬಡಿದುಕೊಂಡು ಅತ್ತಳು. ಅಳುತ್ತ ಅಳುತ್ತ ತಟ್ಟನೆ ನಿಲ್ಲಿಸಿದಳು. "ಹಂಗಾರೆ ಕೇಶವನೂ ಹೋಗಲಿಲ್ಲವೇನೋ?"

"ಇಲ್ಲಮ್ಮ, ಅಂಗಳದಲ್ಲಿ ಕೂತಿದಾನೆ."

ಬೀರಮ್ಮನಿಗೆ ನಗು ತಡೆಯಲಾಗಲಿಲ್ಲ. ಅವತ್ತು ಗಂಜಿ ಸಲೀಸಾಗಿ ಇಳಿಯಿತು. ಮಗನಿಗೂ ಮೀನು ಹೆಚ್ಚಿಗೆ ಬಡಿಸಿದಳು. ಆಮೇಲೆ ಬೇಲಿಯ ಕಡೆ ನೋಡಿ ಪಿಸುಗುಟ್ಟಿದಳು: "ನಾನು ನಕ್ಕಿದ್ದು ಗುತ್ಯಮ್ಮನಿಗೆ ಹೇಳಬೇಡ."

ಜಟ್ಟಿ ಕೈ ತೊಳೆದು ನೇರ ಬೇಲಿಯ ಹತ್ತಿರ ಹೋದ. ಗುತ್ಯಮ್ಮ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು.

"ಅತ್ತೆ, ನೀವು ಕೇಳಬೇಡಿ. ಅಮ್ಮ ನಕ್ಕಿದ್ದು ನಿಮಗೆ ಹೇಳಬಾರ್ದಂತೆ."