ಪಿಂಜಾರ ಬುಡೇನ್ ಸಾಬನ ಕೈ ಉಳಿಸಿದ ನಗಾರಿ

ಬಾ ಇಲ್ಲಿ, ಈ ಕಡೆ ಮಗ್ಗುಲಾಗು. ಕೌದಿ ಸರಿಯಾಗಿ ಹೊದ್ಕೋ, ಕಾಲು ಹೊರಗೆ ಬಿಡಬೇಡ. ಮಧ್ಯೆ ಮಧ್ಯೆ ಹೂಂ ಅಂತಿರಬೇಕು, ಇಲ್ಲದಿದ್ರೆ ನಾನು ಗೋಡೆಗೆ ಕತೆ ಹೇಳ್ದಂಗೆ ಆಗುತ್ತೆ.

ಒಂದಾನೊಂದು ಕಾಲದಲ್ಲಿ, ಅಂದ್ರೆ ನನ್ನಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಬಂದಿರಲಿಲ್ಲ ನೋಡು, ಆಗ ಒಂದು ಕೋಟೆ ಊರು ಇತ್ತಂತೆ. ಆ ಊರಿಗೆ ಮೂರೇ ಬೀದಿ. ಗುಡಿ ಬೀದಿ, ಮಸೀದಿ ಬೀದಿ, ಶಿಲುಬೆ ಬೀದಿ. ಮೂರೂ ಬೀದಿ ಬಂದು ಕೂಡೋ ಕಡೆ ದೊರೆಯ ಅರಮನೆ ಬಾಗಿಲು, ಬಾಗಿಲ ಪಕ್ಕದಲ್ಲಿ ಒಂದು ನಗಾರಿ. ನಗಾರಿ ಗೊತ್ತಲ್ಲ, ಹಂಡೆಯಷ್ಟು ದಪ್ಪ ಇರುತ್ತೆ, ಬಾಯಿಗೆ ಚರ್ಮ ಬಿಗಿದಿರ್ತಾರೆ, ಕೋಲಲ್ಲಿ ಬಡಿದ್ರೆ ಢಂ ಅಂತ ಊರಿಗೆಲ್ಲಾ ಕೇಳುತ್ತೆ. ಅದನ್ನ ಇಡಿಸಿದ್ದು ದೊರೆಯ ತಾತ. ಪುಣ್ಯಾತ್ಮ, ಅವನು ಒಂದು ಮಾತು ಕಟ್ಟಿಟ್ಟಿದ್ದನಂತೆ. ಯಾರಿಗಾದ್ರೂ ಅನ್ಯಾಯ ಆಯ್ತಾ, ಅವರು ಬಂದು ಈ ನಗಾರಿ ಬಾರಿಸಬೇಕು. ಸದ್ದು ಇರೋವರೆಗೂ ಶಿಕ್ಷೆ ಮಾಡೋ ಹಾಗಿಲ್ಲ, ದೊರೆಯೇ ಬಂದು ಕೇಳಬೇಕು. ಸದ್ದು ನಿಂತರೆ ದೂರು ಬಿದ್ದುಹೋಯ್ತು, ಶಿಕ್ಷೆ ಆಗೇ ತೀರುತ್ತೆ.

ಆ ಊರಲ್ಲಿ ಬುಡೇನ್ ಸಾಬ ಅಂತ ಒಬ್ಬ ಪಿಂಜಾರ. ಪಿಂಜಾರ ಅಂದ್ರೆ ಹತ್ತಿ ಹಿಂಜೋರು, ಹಾಸಿಗೆ ದಿಂಬು ಹೊಲಿದುಕೊಡೋರು. ಅವನು ಹಿಂಜಿದ ಹಾಸಿಗೆ ಮೇಲೆ ಮಲಗಿದ್ರೆ ಮೋಡದ ಮೇಲೆ ಮಲಗಿದಂಗೆ ಇರ್ತಿತ್ತಂತೆ. ಅವನ ಹೆಂಡತಿ ಮಾಬುಬಿ. ಒಂದಿನ ಕೋಟೆ ಕಾಯೋ ದೊಡ್ಡ ಅಧಿಕಾರಿ, ಕಿಲ್ಲೇದಾರ ಅಂತಿದ್ರು ಅವನನ್ನ, ಅವನು ಬುಡೇನ್ ಸಾಬನಿಗೆ ಹೇಳಿಕಳಿಸಿದ, ನಮ್ಮನೆ ಹಾಸಿಗೆ ಗಂಟುಗಂಟಾಗಿದೆ ಬಂದು ಹಿಂಜಿಕೊಡು ಅಂತ. ಇವನು ಹೋದ, ಬೆಳಗಿಂದ ಸಂಜೆತನಕ ಹಿಂಜಿದ, ಹೊಲಿದ, ಬಂದ. ಮಾರನೇ ದಿನ ನೋಡಿದ್ರೆ ಬಾಗಿಲಲ್ಲಿ ಸಿಪಾಯಿಗಳು. ದೊರೆಯ ತಾಯಿಯ ಮುತ್ತಿನ ಹಾರ ಕಿಲ್ಲೇದಾರನ ಸುಪರ್ದಿನಲ್ಲಿತ್ತಂತೆ, ಅದು ಕಾಣ್ತಿಲ್ಲವಂತೆ, ನಿನ್ನೆ ಮನೆಯೊಳಗೆ ಬಂದ ಹೊರಗಿನೋನು ಇವನೊಬ್ಬನೇ ಅಂತೆ. ಎಳ್ಕೊಂಡು ಹೋಗಿ ಸೆರೆಗೆ ಹಾಕಿದ್ರು. ಕಳ್ಳನಿಗೆ ಬಲಗೈ ಕಡೀಬೇಕು ಅಂತ ಕಿಲ್ಲೇದಾರನೇ ತೀರ್ಪು ಕೊಟ್ಟ.

ದೊರೆ ಎಲ್ಲಿದ್ದ ಅಂತೀಯಾ? ದೊರೆ ಊರಲ್ಲಿ ಇರಲಿಲ್ಲ ಕಣೇ. ದೂರದೂರಲ್ಲಿ ಮಗಳು ಹೆತ್ತಿದ್ಲು, ಮೊಮ್ಮಗಳ ನಾಮಕರಣಕ್ಕೆ ಹೋಗಿದ್ದ. ಅವನು ಬರೋಕೆ ಹುಣ್ಣಿಮೆ ಆಗ್ಬೇಕು. ಅದಕ್ಕೇ ಕಿಲ್ಲೇದಾರನಿಗೆ ಅಷ್ಟು ಅವಸರ.

ಮಾಬುಬಿ ಏನು ಮಾಡಿದ್ಲು? ಅಳ್ತಾ ಕೂರಲಿಲ್ಲ. ಪಿಂಜಾರನ ಕೈ ಹೋದ್ಮೇಲೆ ಉಳಿಯೋದೇನು ಅಂದ್ಕೊಂಡು ಓಡಿಬಂದು ನಗಾರಿ ಬಾರಿಸೋಕೆ ಶುರುಮಾಡಿದ್ಲು. ಢಂ, ಢಂ, ಢಂ. ಊಟ ಇಲ್ಲ, ನೀರಿಲ್ಲ, ಢಂ ಢಂ. ಅಂಗೈಯೆಲ್ಲಾ ಬೊಬ್ಬೆ ಬಂತು, ರಟ್ಟೆ ಸೋತುಹೋಯ್ತು, ಕೋಲು ಇನ್ನೇನು ಜಾರಿ ಬೀಳಬೇಕು, ಆಗ ಯಾರೋ ಬಂದು ಅವಳ ಕೈಯಿಂದ ಕೋಲು ತಗೊಂಡ್ರು. ಯಾರು ಅಂದ್ರೆ ಹೂವು ಮಾರೋ ಸಣ್ಣೀರಮ್ಮ. ಗುಡಿ ಬೀದಿಯೋಳು. ಹೂವಿನ ಬುಟ್ಟಿ ಕೆಳಗಿಟ್ಟು, ಸೆರಗು ಸಿಕ್ಕಿಸ್ಕೊಂಡು, ಢಂ ಅಂತ ಬಾರಿಸಿದ್ಲು.

ಕಿಲ್ಲೇದಾರ ಬಾಗಿಲಿಗೆ ಬಂದ. ದೂರು ಕೊಟ್ಟೋರ ನಂಟರು ಮಾತ್ರ ಬಾರಿಸಬೇಕು, ಬೇರೆಯೋರು ಮುಟ್ಟಂಗಿಲ್ಲ ಅಂದ. ಹಂಗಂತ ತಾತನ ಮಾತಲ್ಲಿ ಇತ್ತೋ ಇಲ್ವೋ, ಇವನೇ ಸೇರಿಸಿದ್ದೋ, ಯಾರಿಗೆ ಗೊತ್ತು. ಅಧಿಕಾರ ಕೈಯಲ್ಲಿದ್ರೆ ಬಾಯಿಗೆ ಬಂದಿದ್ದೆಲ್ಲಾ ಕಾನೂನೇ ತಾನೇ. ಆಗ ಸಣ್ಣೀರಮ್ಮ ಕೋಲು ನಿಲ್ಲಿಸದೆ ಹೇಳಿದ್ಲಂತೆ:

“ನಾನು ಇವಳಿಗೆ ಅಕ್ಕ ಆಗ್ಬೇಕು ಸ್ವಾಮಿ. ನಾನು ಬಾಣಂತಿ ಜ್ವರದಲ್ಲಿ ಬಿದ್ದಿದ್ದಾಗ ನನ್ನ ಮಗ ಇವಳ ಎದೆಹಾಲು ಕುಡಿದು ಬದುಕಿದ. ಇನ್ನೆಂಥ ನಂಟು ತೋರಿಸ್ಲಿ?”

ಅಷ್ಟರಲ್ಲಿ ಶಿಲುಬೆ ಬೀದಿಯಿಂದ ಚೌರಪ್ಪ ಬಂದ. ಅವನು ಚರ್ಚಿನ ಗಂಟೆ ಹೊಡೆಯೋನು. ಸಣ್ಣೀರಮ್ಮ ನನ್ನನ್ನ ದಿನಾ ಅಣ್ಣ ಅಂತಾಳೆ, ಅವಳು ಇವಳಿಗೆ ಅಕ್ಕ ಆದ್ಮೇಲೆ ನಾನು ಇವಳಿಗೂ ಅಣ್ಣನೇ, ಕೊಡಿ ಕೋಲು ಅಂದ. ಅವನ ಹಿಂದೆ ಗುಡಿ ಪೂಜಾರಿ ನಂಜುಂಡಯ್ಯ. ಚೌರಪ್ಪ ನನ್ನನ್ನ ಮಾವಾ ಅಂತ ಕರೀತಾನೆ, ನಾನು ಹೆಣ್ಣು ಕೊಟ್ಟಿಲ್ಲ ಅವನು ತಗೊಂಡಿಲ್ಲ, ಆದ್ರೂ ಕರೀತಾನೆ, ಹಂಗಾಗಿ ಬುಡೇನ್ ಸಾಬನಿಗೂ ನಾನು ಒಂಥರಾ ಮಾವನೇ ಅಂದ. ಹಂಗೇ ಒಬ್ಬರ ಹಿಂದೆ ಒಬ್ಬರು. ಆ ಊರಲ್ಲಿ ಯಾರು ಯಾರನ್ನ ಬರೀ ಹೆಸರು ಹಿಡಿದು ಕರೀತಿದ್ರು ಹೇಳು? ಚಿಕ್ಕಪ್ಪ, ದೊಡ್ಡವ್ವ, ಭಾವ, ಅತ್ತಿಗೆ, ಹಿಂಗೇ ಕೂಗ್ತಿದ್ರು. ಇಷ್ಟು ವರ್ಷ ಬಾಯಿಮಾತಿಗೆ ಕರೆದಿದ್ದು ಆವತ್ತು ಕೆಲಸಕ್ಕೆ ಬಂತು. ಊರಿಗೆ ಊರೇ ಬುಡೇನ್ ಸಾಬನ ನೆಂಟರಾಗಿಬಿಟ್ರಂತೆ.

ಹೂಂ ಅನ್ನು. ಹಾಂ, ಹಂಗೆ.

ಆಮೇಲೆ ಪಾಳಿ ಹಾಕ್ಕೊಂಡ್ರು. ಮಸೀದಿಯಲ್ಲಿ ನಮಾಜಿನ ಹೊತ್ತಾದ್ರೆ ಗುಡಿ ಬೀದಿಯೋರು ಬಾರಿಸೋರು, ಗುಡೀಲಿ ಪೂಜೆ ಆಗುವಾಗ ಶಿಲುಬೆ ಬೀದಿಯೋರು ಬಾರಿಸೋರು, ಅವರು ಜಪಕ್ಕೆ ಕೂತಾಗ ಮಸೀದಿ ಬೀದಿಯೋರು. ನಂಜುಂಡಯ್ಯನ ಪಾಡು ಮಾತ್ರ ಕೇಳಬಾರದು. ಅವನಿಗೆ ವಿಪರೀತ ಮಡಿ. ಚರ್ಮ ಮುಟ್ಟಿದ್ನಲ್ಲ ಅಂತ ಬಾರಿಸೋದು, ಹೋಗಿ ಹೊಳೇಲಿ ಮುಳುಗೋದು, ಒದ್ದೆ ಪಂಚೇಲೇ ಬಂದು ಮತ್ತೆ ಬಾರಿಸೋದು, ಮತ್ತೆ ಹೋಗಿ ಮುಳುಗೋದು. ಹೊಳೆ ಮೀನುಗಳಿಗೂ ಅವನ ಗುರುತು ಸಿಕ್ಕಿತ್ತಂತೆ. ಕೊನೆಕೊನೆಗೆ ಬೇಸತ್ತು ಮುಳುಗೋದನ್ನೇ ಬಿಟ್ಟ, ಈಶ್ವರ ಏನೂ ಅನ್ನಲಿಲ್ಲ.

ಈ ಕಡೆ ಕಿಲ್ಲೇದಾರನ ಮನೆ ಇದ್ದಿದ್ದು ಅರಮನೆ ಬಾಗಿಲಿಗೆ ಅಂಟಿಕೊಂಡಂಗೆ. ಕಣ್ಣು ಮುಚ್ಚಿದ್ರೆ ಢಂ. ಮಗ್ಗುಲಾದ್ರೆ ಢಂ. ಹಾಸಿಗೆಯೇನೋ ಮೋಡದಂಥದ್ದು, ಆದ್ರೆ ನಿದ್ದೆ ಎಲ್ಲಿ? ಕಿವಿಗೆ ಹತ್ತಿ ತುರುಕ್ಕೊಂಡ. ಅದೂ ಬುಡೇನ್ ಸಾಬ ಹಿಂಜಿದ್ದೇ ಹತ್ತಿ. ಆ ಹತ್ತಿ ಒಳಗಿಂದಲೂ ಢಂ ಢಂ ಅಂತಲೇ ಕೇಳಿಸ್ತಂತೆ. ಬೀದಿಯ ಕೂಸುಗಳೆಲ್ಲಾ ಆ ಸದ್ದಿಗೆ ಒಗ್ಗಿಹೋಗಿ ತೊಟ್ಟಿಲಲ್ಲಿ ಗೊರಕೆ ಹೊಡೀತಿದ್ವು, ಇವನಿಗೆ ಮಾತ್ರ ನಿದ್ದೆ ಹತ್ತಲಿಲ್ಲ.

ಆಮೇಲೆ ಒಂದು ಸಂಜೆ ಎಡವಟ್ಟಾಯ್ತು. ದೀಪ ಹಚ್ಚೋ ಹೊತ್ತಿಗೆ ಮೂರೂ ಬೀದಿಗೂ ದೇವರು ನೆನಪಾಗ್ತಾನೆ ನೋಡು. ಗುಡೀಲಿ ಮಂಗಳಾರತಿ, ಮಸೀದೀಲಿ ಸಂಜೆ ನಮಾಜು, ಚರ್ಚಲ್ಲಿ ಸಂಜೆ ಗಂಟೆ, ಎಲ್ಲಾ ಒಂದೇ ಹೊತ್ತು. ಚೌರಪ್ಪ ಬಾರಿಸ್ತಿದ್ದೋನು, ಗಂಟೆ ಹೊತ್ತಾಯ್ತು ಅಂತ ಎದ್ದ. ಬೀದಿ ತುದೀಲಿ ನಂಜುಂಡಯ್ಯ ಬರೋದು ಕಾಣ್ತು, ಪಾಳಿಗೆ ಬಂದ ಅಂದ್ಕೊಂಡು ಕೋಲಿಟ್ಟು ನಡೆದ. ನಂಜುಂಡಯ್ಯ ಗುಡಿಗೆ ಹೊರಟಿದ್ದೋನು, ಮಸೀದಿ ಬೀದಿಯೋರು ಇರ್ತಾರೆ ಅಂದ್ಕೊಂಡು ಹಂಗೇ ಹೋದ. ಅವರು ಚೌರಪ್ಪ ಇದ್ದಾನಲ್ಲ ಅಂತ ನಮಾಜಿಗೆ ನಿಂತ್ರು. ಮಾಬುಬಿ ಸೆರೆಮನೆಗೆ ಗಂಡನಿಗೆ ರೊಟ್ಟಿ ಕೊಡೋಕೆ ಹೋಗಿದ್ಲು. ನಗಾರಿ ಸುಮ್ಮನಾಯ್ತು.

ಕಿಲ್ಲೇದಾರ ಧಡಕ್ಕನೆ ಎದ್ದು ಕತ್ತಿ ತನ್ರೋ ಅಂದ. ಗುಡಿ ಬಾಗಿಲಲ್ಲಿ ಹೂವು ಕಟ್ತಿದ್ದ ಸಣ್ಣೀರಮ್ಮನ ಕಿವಿಗೆ ಏನೋ ಖಾಲಿ ಖಾಲಿ ಅನ್ನಿಸ್ತಂತೆ. ಎದ್ದು ಬಿದ್ದು ಓಡಿದ್ಲು. ಕೋಲು ಹುಡುಕೋಕೆ ಹೊತ್ತಿಲ್ಲ, ಬರೀ ಕೈಯಲ್ಲೇ ಬಡಿದ್ಲು. ಸದ್ದು ನಿಂತಿತ್ತು, ದೂರು ಬಿದ್ದುಹೋಯ್ತು ಅಂತ ಕಿಲ್ಲೇದಾರ ಕುಣಿದಾಡಿದ. ಆಗ ಬಾಗಿಲು ಕಾಯೋ ಮುದುಕ ಮೆಲ್ಲಗೆ ಕೆಮ್ಮಿ, ನಿಂತಿರಲಿಲ್ಲ ಬುದ್ಧಿ, ಎದುರುಗಡೆ ಗುಡ್ಡ ಇನ್ನೂ ಢಂ ಅಂತಾನೇ ಇತ್ತು, ನನಗೆ ಕೇಳಿಸ್ತು ಅಂದನಂತೆ. ಅವನಿಗೆ ಕಿವಿ ಕೇಳಿಸದೆ ಎಷ್ಟು ವರ್ಷ ಆಗಿತ್ತೋ ಏನೋ. ದೇವರು ಅವನನ್ನ ಚೆನ್ನಾಗಿಟ್ಟಿರಲಿ.

ಆ ಸಾಕ್ಷಿಯಿಂದ ಕೈಯೇನೋ ಉಳೀತು, ಆದ್ರೆ ಬೀದಿ ಬೀದಿಗೂ ಜಗಳ ಹತ್ಕೊಂತು. ನಿಮ್ಮಿಂದ ಆಯ್ತು, ನಿಮ್ಮಿಂದ ಆಯ್ತು ಅಂತ. ಇಷ್ಟು ದಿನ ಅಣ್ಣ ಮಾವ ಅಂದೋರು, ನೀವು, ನಿಮ್ಮೋರು ಅನ್ನೋಕೆ ಶುರುಮಾಡಿದ್ರು. ಕಿಲ್ಲೇದಾರ ಕಿಟಕೀಲಿ ನಿಂತು ನೋಡ್ತಾ ಮೀಸೆ ತಿರುವ್ತಿದ್ದ. ಆಗ ಮಾಬುಬಿ ಎಲ್ಲರ ನಡುವೆ ಬಂದು ನಿಂತ್ಲು. ಬೊಬ್ಬೆ ಒಡೆದ ಎರಡೂ ಅಂಗೈ ಮುಂದೆ ಹಿಡಿದ್ಲು.

“ನೀವು ಹೋಗಿದ್ದು ದೇವರ ಹತ್ರ ತಾನೇ, ಅದಕ್ಕೆ ಜಗಳ ಯಾಕೆ? ನೀವೆಲ್ಲಾ ಬರದೇ ಇದ್ದಿದ್ರೆ ನನ್ನ ಗಂಡನ ಕೈ ಮೊದಲನೇ ದಿನವೇ ಹೋಗಿರೋದು. ನಿಮ್ಮ ಋಣ ನಾನು ಹೆಂಗೆ ಮರೀಲಿ?”

ಎಲ್ಲರೂ ತಲೆ ತಗ್ಗಿಸಿದ್ರು. ಮೊದಲು ಮಾತಾಡಿದ್ದು ನಂಜುಂಡಯ್ಯ. ನಮ್ಮ ಈಶ್ವರ ಯುಗಯುಗದಿಂದ ಕೂತಿದ್ದಾನೆ, ಇನ್ನೊಂದು ಸ್ವಲ್ಪ ಹೊತ್ತು ಕೂತಿರ್ತಾನೆ, ಮಂಗಳಾರತಿ ತಡವಾಗಿ ಮಾಡ್ತೀನಿ ಅಂದ. ಚೌರಪ್ಪ ಹೋಗಿ ಪಾದ್ರಿಗಳನ್ನ ಕೇಳ್ಕೊಂಡು ಬಂದ, ಗಂಟೆ ಮುಂಚೆಯೇ ಹೊಡೀಬಹುದಂತೆ. ನಮಾಜು ಅದರ ಹೊತ್ತಿಗೇ ಆಗ್ಬೇಕು, ಅದು ಹಂಗೇ ನಡೀಲಿ ಅಂತ ಎಲ್ಲರೂ ಅಂದ್ರು. ಮೊದಲು ಗಂಟೆ, ಆಮೇಲೆ ನಮಾಜು, ಆಮೇಲೆ ಮಂಗಳಾರತಿ. ಒಂದು ಮುಗಿದ ಮೇಲೆ ಒಂದು. ಹಂಗೆ ಮಾಡಿದ್ಮೇಲೆ ಇನ್ನೊಬ್ಬರ ದೇವರ ಸದ್ದು ಪೂರ್ತಿಯಾಗಿ ಕೇಳಿಸಿದ್ದು ಅದೇ ಮೊದಲಂತೆ. ಅಷ್ಟು ದಿನ ಮೂರೂ ಕಲಸಿಹೋಗಿ ಯಾವುದೂ ನೆಟ್ಟಗೆ ಕೇಳಿಸ್ತಿರಲಿಲ್ಲ.

ಹುಣ್ಣಿಮೆ ಹತ್ರ ಬಂತು. ನಿದ್ದೆಗೆಟ್ಟು ನಿದ್ದೆಗೆಟ್ಟು ಕಿಲ್ಲೇದಾರನ ಕಣ್ಣು ಕೆಂಡ ಆಗಿದ್ವು. ಆಮೇಲೆ ಪಾಪಿ ಎಂಥ ಕೆಲಸ ಮಾಡಿದ ಗೊತ್ತಾ? ಹಾಡಹಗಲೇ ಸಿಪಾಯಿಗಳನ್ನ ಕರ್ಕೊಂಡು ಬಂದು ನಗಾರಿಯ ಚರ್ಮಾನೇ ಸೀಳಿಬಿಟ್ಟ. ಇನ್ನು ಬಾರಿಸಿ ನೋಡೋಣ ಅಂದ.

ಸದ್ದು ಇದ್ರೆ ಸಾಕಲ್ಲ, ಯಾವುದರದ್ದಾದ್ರೇನು ಅಂತ ಹೆಂಗಸರು ಬಿಂದಿಗೆ ಬಡಿದ್ರು, ತಟ್ಟೆ ಬಡಿದ್ರು, ಕೈಗೆ ಸಿಕ್ಕಿದ್ದನ್ನೆಲ್ಲಾ ಬಡಿದ್ರು. ಅಷ್ಟರಲ್ಲಿ ನಂಜುಂಡಯ್ಯ ಗುಡಿಗೆ ಓಡಿ ದೇವರ ನಗಾರಿಯನ್ನೇ ಹೊರಿಸ್ಕೊಂಡು ಬಂದ. ಅದು ಪೂಜೆಗಲ್ಲದೆ ಹೊಸ್ತಿಲು ದಾಟಿದ್ದೇ ಇರಲಿಲ್ಲ. ಮಸೀದಿ ಬೀದಿಯೋರು ಬಾಬಯ್ಯನ ಹಬ್ಬಕ್ಕೆ, ಅಂದ್ರೆ ಮೊಹರಂಗೆ, ಮಾತ್ರ ತೆಗೆಯೋ ತಮಟೆಗಳನ್ನ ತಂದ್ರು. ಚೌರಪ್ಪನೋ, ಚರ್ಚಿನ ಗೋಪುರದಿಂದ ಗಂಟೇನೇ ಇಳಿಸಿ ಗಾಡಿ ಮೇಲೆ ಹೇರ್ಕೊಂಡು ಬಂದ. ಇನ್ನೊಬ್ಬರ ಮನೆ ಕಷ್ಟಕ್ಕೆ ತಮ್ಮ ದೇವರ ಸಾಮಾನು ಬೀದಿಗೆ ತಂದ್ರಲ್ಲ, ಅದಕ್ಕಿಂತ ದೊಡ್ಡ ಪೂಜೆ ನಾನಂತೂ ಕಾಣೆ. ಢಂ ಢಂ, ತಟಪಟ, ಠಣ್ ಠಣ್, ಮೂರೂ ಸೇರಿ ಎಂಥ ಸದ್ದು ಅಂದ್ರೆ ಆಚೆ ದಡದಲ್ಲಿ ಕುದುರೆ ಮೇಲೆ ಬರ್ತಿದ್ದ ದೊರೆಗೂ ಕೇಳಿಸ್ತು. ನಮ್ಮೂರಲ್ಲಿ ಏನೋ ಆಗಿದೆ ಅಂತ ಅವನು ಕುದುರೆ ಓಡಿಸ್ಕೊಂಡು ಬಂದ.

ದೊರೆ ಬಂದು ಕೂತ. ಇನ್ನು ನಾನು ಕೇಳ್ತೀನಿ, ಬಾರಿಸೋದು ನಿಲ್ಸಿ ಅಂದ. ನಿಂತಿತು. ಮಾಬುಬಿ ನಡೆದಿದ್ದೆಲ್ಲಾ ಹೇಳಿದ್ಲು. ಈಗ ನೀನು ಹೇಳಪ್ಪಾ ಅಂತ ದೊರೆ ಕಿಲ್ಲೇದಾರನ ಕಡೆ ತಿರುಗಿ ನೋಡ್ತಾನೆ, ಅವನು ಕಂಬಕ್ಕೆ ಒರಗಿ ನಿಂತಲ್ಲೇ ನಿದ್ದೆ ಹೋಗಿದ್ದ. ಇಷ್ಟು ದಿನದ ನಿದ್ದೆ ಒಟ್ಟಿಗೇ ಬಂದಿತ್ತು. ಬಾಯಿ ತೆರಕೊಂಡು ಗೊರ್ ಗೊರ್ ಅಂತ. ನಗಬೇಡ, ಕೇಳು. ನಿದ್ದೇಲೇ ಬಡಬಡಿಸೋಕೆ ಶುರುಮಾಡಿದ. ಆ ತೌಡಿನ ಮಡಕೆ ಯಾರೂ ಮುಟ್ಟಬೇಡಿ, ತಳದಲ್ಲಿ ಹಾರ ಇದೆ, ನಾನೇ ಇಟ್ಟಿದ್ದೀನಿ ಅಂದುಬಿಟ್ಟ.

ಹೋಗಿ ನೋಡಿದ್ರೆ ತೌಡಿನ ಮಡಕೇಲಿ ಮುತ್ತಿನ ಹಾರ.

ದೊರೆಗೆ ಬಂದ ಸಿಟ್ಟಿಗೆ ಇವನ ಕೈಯನ್ನೇ ಕಡೀರಿ ಅಂದ. ಸೆರೆಯಿಂದ ಬಂದ ಬುಡೇನ್ ಸಾಬ ಅಡ್ಡ ನಿಂತ. ಬೇಡ ಧಣಿ, ಕೈ ಹೋಗ್ತದೆ ಅಂತ ಕಾಯ್ತಾ ಕೂರೋದು ಹೆಂಗಿರುತ್ತೆ ಅಂತ ನಾನು ನೋಡಿದ್ದೀನಿ, ಅದು ಯಾರಿಗೂ ಬೇಡ, ಮೊದಲು ಅವನು ನಿದ್ದೆ ಮಾಡಲಿ ಅಂದ. ದೊರೆ ಕಿಲ್ಲೇದಾರನ ಅಧಿಕಾರ ಕಿತ್ಕೊಂಡು, ಸೀಳಿದ ನಗಾರಿಗೆ ಹೊಸ ಚರ್ಮ ಬಿಗಿಸಿ, ಅದರ ಧೂಳು ಒರೆಸಿಕೊಂಡು ಬಾಗಿಲಲ್ಲಿರೋ ಕೆಲಸಕ್ಕೆ ಅವನನ್ನ ಹಾಕಿದ. ಯಾರು ಬಾರಿಸೋಕೆ ಬಂದ್ರೂ ಎದ್ದು ಕೋಲು ಕೊಡಬೇಕು. ಬರಬರ್ತಾ ಒಳ್ಳೆಯವನೇ ಆದನಂತೆ.

ಬುಡೇನ್ ಸಾಬ ಮನೆಮನೆಗೂ ಕೈ ಮುಗಿಯೋಕೆ ಹೋದ. ಯಾರೂ ಮುಗಿಸ್ಕೊಳ್ಳಲೇ ಇಲ್ಲ. ಸಣ್ಣೀರಮ್ಮ, ಸುಮ್ಮನಿರೋ ಭಾವ, ನನ್ನ ದಿಂಬು ಕಲ್ಲಾಗಿದೆ, ಅದನ್ನ ನೋಡು ಅಂದ್ಲು. ಚೌರಪ್ಪ, ಗಂಟೆ ಮೇಲಕ್ಕೆ ಏರಿಸ್ಬೇಕು, ಹಗ್ಗ ಹಿಡಿ ಬಾ ಅಂದ. ನಂಜುಂಡಯ್ಯ ಮಡಿ ಮರೆತು ಅವನ ಬಲಗೈಯನ್ನ ತನ್ನ ಎರಡೂ ಕೈಯಲ್ಲಿ ಹಿಡ್ಕೊಂಡನಂತೆ.

ಅವತ್ತು ಸಂಜೆ ಗಂಟೆ ಆಯ್ತು, ನಮಾಜು ಆಯ್ತು, ಮಂಗಳಾರತಿ ಆಯ್ತು. ಆಮೇಲೆ ಊರು ಗಪ್‌ಚಿಪ್. ಆಗ ಶುರುವಾಯ್ತು ನೋಡು, ಊರಿನ ತೊಟ್ಟಿಲೆಲ್ಲಾ ಒಟ್ಟಿಗೇ ಅಳು. ನಗಾರಿ ಸದ್ದಿಗೆ ಮಲಗಿ ಅಭ್ಯಾಸ ಆಗಿದ್ದ ಕೂಸುಗಳಿಗೆ ಈ ಸುಮ್ಮನಿರೋದು ಹೊಸದು. ಯಾರ ಜೋಗುಳಕ್ಕೂ ಬಗ್ಗಲಿಲ್ಲ. ಬುಡೇನ್ ಸಾಬ ಎದ್ದ, ಹತ್ತಿ ಹಿಂಜೋ ಬಿಲ್ಲು ಹೆಗಲಿಗೆ ಏರಿಸ್ಕೊಂಡ, ಬಲಗೈಯಿಂದ ಅದಕ್ಕೆ ಬಿಗಿದ ನರದ ಹುರಿ ಮೀಟುತ್ತಾ ಬೀದಿಗಿಳಿದ. ಟುಂಯ್, ಟುಂಯ್, ಟುಂಯ್. ಗುಡಿ ಬೀದೀಲಿ ನಡೆದ, ಕೂಸುಗಳು ಕಣ್ಣು ಮುಚ್ಚಿದ್ವು. ಶಿಲುಬೆ ಬೀದೀಲಿ ನಡೆದ, ಕೂಸುಗಳು ಕಣ್ಣು ಮುಚ್ಚಿದ್ವು. ತನ್ನ ಬೀದಿಗೆ ಬಂದ. ಮಾಬುಬಿ ಹೊಸ್ತಿಲ ಮೇಲೆ ಕೂತು ಆ ಕೈಯನ್ನೇ ನೋಡ್ತಿದ್ಲು. ಅವಳಿಗೂ ಹಂಗೇ ಬಾಗಿಲಿಗೆ ಒರಗಿದಲ್ಲೇ ನಿದ್ದೆ ಬಂತಂತೆ. ಅವನು ಮಾತ್ರ ಊರೆಲ್ಲಾ ಮಲಗೋವರೆಗೂ ಮೀಟುತ್ತಲೇ ಇದ್ದನಂತೆ.

ಟುಂಯ್, ಟುಂಯ್... ಅಲ್ಲಿಗೆ ಕತೆ ಮುಗೀತು ಕಣೇ, ಅವರೆಲ್ಲಾ ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಸುಖವಾಗಿದ್ದೀವಿ. ಹೂಂ ಅನ್ನೇ. ಏ... ಮಲಗಿಬಿಟ್ಟಿದೆ ನನ್ನ ಚಿನ್ನ.